ಪಿ.ವಿ.ಸಿ. ಬೇಲಿ ಮತ್ತು ನೀಲವ್ವನ ಹೆಪ್ಪು

ಮಂದಿಯ ಮನೆಯ ಗೋಡೆ ಎಬ್ಬಿಸುವಾಗ ನನ್ನ ಕೈ ಎಂದೂ ನಡುಗಿಲ್ಲ. ನನ್ನ ಮನೆಗೆ ಬೇಲಿ ಹಾಕಿಸುವ ಮಾತು ಬಂದಾಗಿನಿಂದ ಮಾತ್ರ ಚಹದ ಕಪ್ಪು ಹಿಡಿದರೂ ಬಶಿಯ ಮೇಲೆ ಕಟಕಟ ಸದ್ದಾಗುತ್ತದೆ. ನಾನು ಗೌಂಡಿ. ಆರನೆಯ ಇಯತ್ತೆಗೇ ಸಾಲಿಗೆ ಕೈಮುಗಿದು ಥಾಪಿ ಹಿಡಿದವನು. ದೊಡವಾಡದಿಂದ ಬೈಲಹೊಂಗಲದವರೆಗೆ ಬಸ್ಸಿನ ಕಿಟಕಿಯಲ್ಲಿ ಕುಳಿತು ಹೋದರೆ, ಇದು ನನ್ನ ಗೋಡೆ, ಅದು ನನ್ನ ಗಿಲಾವು ಎಂದು ಪಕ್ಕದವರ ತಲೆ ತಿನ್ನುವಷ್ಟು ಕೆಲಸ ಮಾಡಿದ್ದೇನೆ. ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೋಡಿದರೆ ನನ್ನ ಗೋಡೆ ಕೂದಲೆಳೆಯಷ್ಟೂ ವಾಲಿರುವುದಿಲ್ಲ. ಇದು ಜಂಬ ಅಂದರೆ ಜಂಬವೇ. ದುಡಿದು ಗಳಿಸಿದ ಜಂಬ.

ಆದರೆ ಇಂಥ ಗೌಂಡಿಯ ಮನೆಯ ಸುತ್ತ ಇರುವುದು ಅಪ್ಪನ ಕಾಲದ ಕಳ್ಳಿ, ನಡುನಡುವೆ ಜಾಲಿಯ ಮುಳ್ಳು. ಊರೆಲ್ಲ ಕಟ್ಟುತ್ತ ತಿರುಗುವವನಿಗೆ ತನ್ನ ಮನೆಗೆ ಪುರಸೊತ್ತು ಎಲ್ಲಿಂದ ಬರಬೇಕು? ಆ ಬೇಲಿಯ ಆಚೆ ನೀಲವ್ವನ ಹಿತ್ತಲು, ಅವಳ ಎರಡು ಎಮ್ಮೆ. ಈಚೆ ನಮ್ಮ ಹಿತ್ತಲು, ನನ್ನ ಹೆಂಡತಿ ಶಾಂತವ್ವನ ಕರಿಬೇವು. ನಡುವೆ ಒಂದು ಕಂಡಿ. ಯಾರೂ ಮಾಡಿದ ಕಂಡಿಯಲ್ಲ ಅದು. ಎರಡೂ ಮನೆಯ ಹೆಂಗಸರು ಓಡಾಡಿ ಓಡಾಡಿ ಕಳ್ಳಿಯೇ ನಾಚಿ ಪಕ್ಕಕ್ಕೆ ಸರಿದಿದೆ. ಒಂದು ಮಳೆಗಾಲದಲ್ಲಿ ಶಾಂತವ್ವ ಜ್ವರದಿಂದ ಮಲಗಿ, ನಾನು ರಾಮದುರ್ಗದ ಕಡೆ ಕೆಲಸದ ಮೇಲಿದ್ದಾಗ, ಗಂಜಿ ಬಂದದ್ದು ಅದೇ ಕಂಡಿಯಿಂದ. ನೀಲವ್ವ ನನಗೆ ಒಡಹುಟ್ಟಿದವಳಲ್ಲ. ಆದರೂ ಅವಳು ಅಣ್ಣಾ ಎಂದು ಕರೆದಾಗ ನಾನು ಎಂದೂ ಅದನ್ನು ಬಾಯಿಮಾತು ಎಂದುಕೊಂಡಿಲ್ಲ.

ಗಂಡಾಂತರ ಶುರುವಾದದ್ದು ಕಿತ್ತೂರಿನಲ್ಲಿ. ಶಾಂತವ್ವನ ತವರಿನ ಕಡೆಯವರು ಹೈವೇ ಪಕ್ಕ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದಿದ್ದರು. ನಾನು ಹೋದವನೇ ಗೋಡೆಯ ಮೂಲೆ ಸವರುತ್ತ, ಬೇರೆ ಗೌಂಡಿಯ ತಪ್ಪು ಹುಡುಕುತ್ತ ನಿಂತೆ. ಅವಳು ಅಂಗಳದಲ್ಲಿ ನಿಂತು ಹಾಲಿನಂಥ ಬಿಳಿ ಬೇಲಿ ನೋಡುತ್ತಿದ್ದಳು. ಪಿ.ವಿ.ಸಿ. ಬೇಲಿಯಂತೆ. ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಬಣ್ಣ ಬೇಡ, ನೀರು ಸುರುವಿದರೆ ಹೊಸತು. ಹೊರಳಿ ಬರುವಾಗ ಬಸ್ಸಿನಲ್ಲಿ ಅವಳು ತುಟಿ ಬಿಚ್ಚಲಿಲ್ಲ. ಶಾಂತವ್ವ ಸುಮ್ಮನಿದ್ದಾಳೆಂದರೆ ಒಳಗೆ ಏನೋ ಕಟ್ಟಡ ಏಳುತ್ತಿದೆ ಎಂದೇ ಅರ್ಥ.

ಅದಕ್ಕೆ ಸರಿಯಾಗಿ ಮರುವಾರವೇ ಕಳ್ಳಿಯಲ್ಲಿ ಹಾವಿನ ಪೊರೆ ಸಿಕ್ಕಿತು. ಬರೀ ಪೊರೆ. ಹಾವು ಕಂಡಿದ್ದರೆ ಒಂದು ರೀತಿಯ ಸಮಾಧಾನವಿರುತ್ತಿತ್ತು. ಇಂಥಲ್ಲಿದೆ ಎಂದಾದರೂ ಗೊತ್ತಾಗುತ್ತಿತ್ತು. ಪೊರೆ ಬಿಟ್ಟು ಹೋದ ಹಾವು ಎಲ್ಲಿ ಬೇಕಾದರೂ ಇರಬಹುದು. ಅಂದಿನಿಂದ ಚಪ್ಪಲಿ ಮೆಟ್ಟುವ ಮೊದಲು ಎರಡು ಸಲ ಝಾಡಿಸುತ್ತೇನೆ.

“ಇನ್ನರ ಕೇಳ್ರಿ. ಆ ಮುಳ್ಳ ಕಿತ್ತ ಒಗದು ಬಿಳೀ ಬೇಲಿ ಹಾಕಸ್ರಿ,” ಎಂದಳು ಶಾಂತವ್ವ.

“ಗೌಂಡಿ ಮನಿಗೆ ಪ್ಲಾಸ್ಟಿಕ್ ಬೇಲಿ ಏನ? ಮಂದಿ ನಗತಾರ.”

“ಮತ್ತ ಗ್ವಾಡಿ ಕಟ್ರಿ. ನಿಮ್ಮ ಕೈ ಯಾರು ಹಿಡದಾರ?”

ಯಾರು ಹಿಡಿದಿದ್ದಾರೆಂದು ಅವಳಿಗೆ ಹೇಳಲಾಗಲಿಲ್ಲ. ನಿಮಗೆ ಹೇಳುತ್ತೇನೆ. ನಮ್ಮ ಕಡೆ ಅಣ್ಣತಮ್ಮಂದಿರು ವಾಟ್ನಿಯಾಗಿ ಬೇರೆಯಾದರೆ, ಪಂಚರು ಎದ್ದು ಹೋದ ಮೇಲೆ ಮೊದಲು ಕರೆಸುವುದು ಗೌಂಡಿಯನ್ನು. ಒಂದೇ ಪಡಸಾಲೆಯ ನಡುವೆ ನಾನು ಎಷ್ಟೋ ಗೋಡೆ ಎಬ್ಬಿಸಿದ್ದೇನೆ. ಸವದತ್ತಿಯ ಹತ್ತಿರ ಒಂದು ಮನೆಯಲ್ಲಿ ಗೋಡೆ ಸೊಂಟದ ಮಟ್ಟ ಇರುವವರೆಗೆ ಇಬ್ಬರು ವಾರಗಿತ್ತಿಯರು ಅದರ ಮೇಲೆಯೇ ಮೊರ ಇಟ್ಟುಕೊಂಡು ಆಚೆ ಈಚೆ ನಿಂತು ಜೋಳ ಹಸನು ಮಾಡಿದರು. ಎದೆಮಟ್ಟ ಬಂದಾಗ ಬರೀ ಮಾತು ದಾಟುತ್ತಿತ್ತು. ತಲೆಮಟ್ಟ ದಾಟಿದ ದಿನ ಒಬ್ಬಳು ಕೂಗಿದಳು, ಇನ್ನೊಬ್ಬಳಿಗೆ ಕೇಳಿಸಿತೋ ಇಲ್ಲವೋ, ಉತ್ತರ ಬರಲಿಲ್ಲ. ಇಟ್ಟಿಗೆಗೆ ಕಿವಿ ಇಲ್ಲ. ಅಂದಿನಿಂದ ನನಗೆ ಎರಡು ಮನೆಗಳ ನಡುವಿನ ಗೋಡೆ ಅಂದರೆ ಅಂಜಿಕೆ. ಅಂಜುತ್ತಲೇ ಕಟ್ಟುತ್ತೇನೆ, ಅದು ಹೊಟ್ಟೆಯ ಮಾತು.

ನಮ್ಮ ಎರಿ ಸೀಮೆಯ, ಈ ಕರಿಮಣ್ಣಿನ ಹೊಲಗಳನ್ನೇ ನೋಡಿರಿ. ಬೇಲಿ ಎಲ್ಲಿದೆ? ನಡುವೆ ಒಂದು ಬದು, ಅಷ್ಟೇ. ಮಧ್ಯಾಹ್ನ ಎರಡೂ ಹೊಲದವರು ಅದೇ ಬದುವಿನ ಮೇಲೆ ಕುಳಿತು ರೊಟ್ಟಿ ಬಿಚ್ಚುತ್ತಾರೆ. ಗಡಿಯ ಮೇಲೆ ಕುಳಿತು ಪಲ್ಯ ಹಂಚಿಕೊಳ್ಳುವ ಜನ ನಾವು. ಕಿತ್ತೂರಿನ ಕೋಟೆಯ ಗೋಡೆ ಇಂದು ಮಣ್ಣಿನ ದಿಬ್ಬವಾಗಿ ಬಿದ್ದಿದೆ, ಬದು ಮಾತ್ರ ಇದ್ದಲ್ಲೇ ಇದೆ. ಇಷ್ಟೆಲ್ಲ ವಿಚಾರ ಮಾಡಿ ನಾನು ಕಂಡುಕೊಂಡದ್ದೇನು? ಏನೂ ಇಲ್ಲ. ವಿಚಾರ ಮಾಡುತ್ತ ಕುಳಿತಿದ್ದೆ, ಅಷ್ಟೇ.

ಇದೆಲ್ಲದರ ಮೇಲೆ ಹೆಪ್ಪಿನ ಚಿಂತೆ. ನಾನು ಮಜ್ಜಿಗೆಯ ಗಡಿಗೆಯ ತಳ ಕಾಣುವವರೆಗೂ ಬಿಡುವವನಲ್ಲ. ಹೀಗಾಗಿ ಸಂಜೆ ಹಾಲಿಗೆ ಹೆಪ್ಪು ಹಾಕಲು ನಮ್ಮ ಮನೆಯಲ್ಲಿ ಒಂದು ಚಮಚ ಮೊಸರೂ ಉಳಿದಿರುವುದಿಲ್ಲ, ನೀಲವ್ವನೇ ಕೊಡಬೇಕು. ಆದರೆ ದೀಪ ಹಚ್ಚಿದ ಮೇಲೆ ಹಾಲು ಮೊಸರು ಹೊಸ್ತಿಲು ದಾಟಿ ಹೊರಗೆ ಹೋಗಬಾರದಲ್ಲ? ಅದಕ್ಕೆ ನೀಲವ್ವ ಯಾವ ವಕೀಲನಿಗೂ ಹೊಳೆಯದ ದಾರಿ ಹುಡುಕಿದ್ದಾಳೆ. ದೀಪಕ್ಕೆ ಮೊದಲೇ ಹೆಪ್ಪಿನ ಬಟ್ಟಲನ್ನು ಹಿತ್ತಲ ಕಟ್ಟೆಯ ಮೇಲೆ ಬುಟ್ಟಿ ಮುಚ್ಚಿ ಇಡುತ್ತಾಳೆ. ಎಮ್ಮೆ ಹಿಂಡಿ ಮುಗಿದ ಮೇಲೆ ಕಂಡಿಯಿಂದ ದಾಟಿಸುತ್ತಾಳೆ. ಕಂಡಿಗೆ ಹೊಸ್ತಿಲಿಲ್ಲ, ದೋಷವೂ ಇಲ್ಲ. ಬೇಲಿ ಮುಚ್ಚಿದರೆ ಈ ದಾರಿ ಮುಚ್ಚಿತು. ನಿಮ್ಮ ಎಮ್ಮೆ, ನಿಮ್ಮ ಸಗಣಿ, ನಿಮ್ಮ ಕಾಲಸಪ್ಪಳ ನಮಗೆ ಸಾಕಾಯಿತು ಎಂದು ಬಿಳಿ ಅಕ್ಷರದಲ್ಲಿ ಬರೆದು ನಿಲ್ಲಿಸಿದ ಹಾಗೆ ಅವಳಿಗೆ ಕಾಣಿಸಿದರೆ?

ನಾನು ಹೀಗೆ ಒಳಗೊಳಗೇ ಬೇಯುತ್ತಿರುವಾಗ, ಶಾಂತವ್ವ ಹಿಟ್ಟಿನ ಗಿರಣಿಯಲ್ಲಿ “ನಮ್ಮವರು ಪಿವಿಸಿ ಹಾಕಸಾಕತ್ತಾರ” ಎಂದು ಹೇಳಿ ಬಂದಳು. ಗಿರಣಿಯಲ್ಲಿ ಆಡಿದ ಮಾತು ಹಿಟ್ಟಿಗಿಂತ ಬೇಗ ಹಾರುತ್ತದೆ. ಮರುದಿನ ಮುಂಜಾನೆ ನೀಲವ್ವ ಸೆರಗು ಸಿಕ್ಕಿಸಿಕೊಂಡು ಕಂಡಿಯಿಂದ ಬರುವುದು ಕಂಡಿತು. ನನ್ನ ಚಹ ಬಶಿಗೆ ಚೆಲ್ಲಿತು.

“ಅಣ್ಣಾ, ಪಿವಿಸಿ ಹಾಕಸ್ತೀರಂತಲ್ಲ!”

“ಹಾಂ... ಇನ್ನೂ ಪಕ್ಕಾ ಏನ ಆಗಿಲ್ಲ ನೀಲವ್ವಾ...”

“ಪಕ್ಕಾ ಮಾಡ್ರಿ! ಛಲೋ ಆತ ನೋಡ್ರಿ. ನಮ್ಮ ಎಮ್ಮಿ ದ್ವಾಣಿಗೆ ನೀರ ಹೊತ್ತ ಹೊತ್ತ ನನ್ನ ಟೊಂಕ ಹೋಗೇತಿ. ನಮ್ಮ ಕಡೆನೂ ಒಂದ ನಳ ಬಿಡ್ರಿ, ನಿಮ್ಮ ಪುಣ್ಯಾ.”

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ನಮ್ಮ ಊರಲ್ಲಿ ಪಿ.ವಿ.ಸಿ. ಅಂದರೆ ಪೈಪು. ಬೇರೆ ಅರ್ಥವೇ ಇಲ್ಲ. ನಾನು ಅವಳ ಮುಖದ ಮೇಲೆ ಬಾಗಿಲು ಹಾಕಲು ಹೊರಟಿದ್ದೆ. ಅವಳು ಅಣ್ಣ ನೀರು ತರುತ್ತಿದ್ದಾನೆ ಎಂದುಕೊಂಡು ಹರಸಲು ಬಂದಿದ್ದಳು. ಶಾಂತವ್ವ ಒಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು “ಆಗಲಿ ಬಿಡವಾ” ಎಂದುಬಿಟ್ಟೆ. ಮೊದಲು ಒಂದು ಚಿಂತೆ ಇತ್ತು, ಈಗ ಎರಡಾದವು.

ಎರಡು ದಿನ ನೀಲವ್ವ ಕೊಟ್ಟ ಹೆಪ್ಪಿನ ಮೊಸರನ್ನು ತಾಟಿನಲ್ಲೇ ಬಿಟ್ಟು ಎದ್ದೆ. ಮೂರನೆಯ ದಿನ ಕಂಡಿಯ ಹತ್ತಿರ ನಿಂತು ಎಲ್ಲ ಒದರಿಬಿಟ್ಟೆ: ಪೈಪಲ್ಲ, ಬೇಲಿ, ಹಾವಿನ ಪೊರೆ, ಕಿತ್ತೂರು, ನಿನ್ನ ಎಮ್ಮೆಗಳ ಮೇಲೆ ನಮಗೆ ಸಿಟ್ಟಿಲ್ಲ. ನೀಲವ್ವನ ಮುಖದ ನಗು ಸಣ್ಣದಾಯಿತು. ಅವಳು ಕಳ್ಳಿಯ ಕಡೆ ನೋಡಿದಳು, ಆಮೇಲೆ ತನ್ನ ಕೈಯ ಬಟ್ಟಲು ನೋಡಿದಳು. ನನಗೆ ಸವದತ್ತಿಯ ಆ ವಾರಗಿತ್ತಿಯರು ನೆನಪಾದರು.

“ಎತ್ತರ ಎಷ್ಟ?” ಎಂದಳು.

“ಅಂದ್ರ?”

“ನಾ ಗಿಡ್ಡಿ ಅದೇನಿ ಅಣ್ಣಾ. ನಿಮ್ಮ ಎತ್ತರ ಹಿಡದ ಮಾಡಸಿದ್ರ ನನ್ನ ಕೈ ನಿಲಕೂದಿಲ್ಲ. ಮತ್ತ ಇನ್ನೊಂದ ಮಾತ. ಗೇಟ ಗೀಟ ಇಡಬ್ಯಾಡ್ರಿ. ಗೇಟ ಅಂದ್ರ ಬಾಗಲಾ, ಬಾಗಲಾ ಅಂದ್ರ ಹೊಸ್ತಲಾ. ದೀಪ ಹಚ್ಚಿದ ಮ್ಯಾಲ ನಾ ಹೆಪ್ಪ ಹೆಂಗ ಕೊಡ್ಲಿ?”

ಬೇಲಿಯವನು ಬಂದು ಟೇಪು ಹಿಡಿದು “ಎಷ್ಟು ಎತ್ತರ?” ಎಂದಾಗ ನಾನು ನೀಲವ್ವನನ್ನು ಕರೆದು ನಿಲ್ಲಿಸಿದೆ. ಅವಳು ಬಟ್ಟಲು ಹಿಡಿದ ಹಾಗೆ ಕೈ ಮುಂದೆ ಚಾಚಿದಳು. ಅವಳ ಮೊಣಕೈ ಎಲ್ಲಿಗೆ ಬಂತೋ ಅಲ್ಲಿಗೆ ಗುರುತು. ಬೇಲಿಯವನು ನನ್ನ ಮುಖ ನೋಡಿದ. ಇಷ್ಟು ಗಿಡ್ಡ ಬೇಲಿ ದಾಟಿ ಹಾವು ಬಂದರೆ ಎಂದ. ಬರಲಿ, ಬಂದದ್ದಾದರೂ ಕಾಣುತ್ತದೆ ಎಂದೆ. ಕಂಬಗಳನ್ನು ನಾನೇ ಕಾಂಕ್ರೀಟು ಹಾಕಿ ನೆಟ್ಟೆ. ಗುಂಡು ಇಳಿಬಿಟ್ಟು ನೋಡಿದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬುಡದಲ್ಲಿ ನಮ್ಮ ನೀರಿನ ಟಾಕಿಯಿಂದ ಒಂದು ಪೈಪು ಎಳೆದು ಅವಳ ಎಮ್ಮೆಗಳು ನೀರು ಕುಡಿಯುವ ದೋಣಿಗೆ ನಳ ಕೂಡಿಸಿದೆ. ಪಿ.ವಿ.ಸಿ. ಎಂದ ಮೇಲೆ ಪಿ.ವಿ.ಸಿ.

ಅಂದು ದೀಪ ಹಚ್ಚಿದ ಮೇಲೆ ಬಟ್ಟಲು ಬಿಳಿ ಬೇಲಿಯ ಮೇಲಿಂದ ಬಂತು. ಆದರೆ ಚಿಂತೆ ಎಂಬುದು ಬೇಲಿಯ ಯಾವ ಕಡೆ ಇದ್ದರೂ ದಾಟಿ ಬರುವ ಪ್ರಾಣಿ. ನಮ್ಮದು ಎರಿ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಎಂಥ ಕಾಂಕ್ರೀಟು ಹಾಕಿದರೂ ಕಂಬ ಒಂದಲ್ಲ ಒಂದು ದಿನ ವಾಲಬಹುದು. ಅದನ್ನೇ ನೀಲವ್ವನ ಮುಂದೆ ಹೇಳಿದೆ.

“ವಾಲಿದ್ರ ವಾಲಲೇಳ್ರಿ ಅಣ್ಣಾ,” ಎಂದಳು. “ಈ ಕಡೆ ವಾಲಿದ್ರ ಶಾಂತವ್ವ ವೈನಿಗೆ ಬಾಗಿ ಇಸ್ಕೊಳ್ಳಾಕ ಬರೋಬ್ಬರಿ, ಆ ಕಡೆ ವಾಲಿದ್ರ ನನಗ ಕೊಡಾಕ ಬರೋಬ್ಬರಿ.”

ಜನ್ಮವಿಡೀ ನೆಟ್ಟಗಿನ ಗೋಡೆಗಾಗಿ ಬಡಿದಾಡಿದವನು ನಾನು. ಈಗ ದಿನಾ ಮುಂಜಾನೆ ಚಹ ಕುಡಿಯುತ್ತ ಹಿತ್ತಲಿಗೆ ಹೋಗಿ ಗುಂಡು ಇಳಿಬಿಟ್ಟು ನೋಡುತ್ತೇನೆ. ಬೇಲಿ ಇನ್ನೂ ನೆಟ್ಟಗೇ ಇದೆ. ಯಾಕೋ, ಸ್ವಲ್ಪ ಬೇಸರವೇ ಆಗುತ್ತದೆ.