ಸ್ಟಿಯರಿಂಗ್ ಬಿಟ್ಟು ಸೌಟು ಹಿಡಿದದ್ದು

ಎಲ್ಲರಿಗೂ ಕಂಡ ಮೊದಲ ಲಕ್ಷಣ ಒಂದು ಕಂಬ.

ನಮ್ಮ ಯೂನಿಟ್ಟಿನ ಗೇಟಿಗೆ ಬಲಗಡೆ ಇರುವ ಕಂಬ ಅದು. ನಾನು ಸೈನ್ಯದ ಲಾರಿ ಓಡಿಸುವ ನಾಯಕ್, ಹನ್ನೆರಡು ವರ್ಷದ ಸರ್ವಿಸ್ಸು. ಹಿಮದಲ್ಲಿ, ಮರಳಿನಲ್ಲಿ, ಪಕ್ಕದಲ್ಲಿ ಪ್ರಪಾತವಿರುವ ದಾರಿಯಲ್ಲಿ ಗಾಡಿಗೆ ಒಂದು ಗೀರು ಬೀಳದಂತೆ ನೋಡಿಕೊಂಡವನು. ಅಂಥವನು ಹಾಡಹಗಲಲ್ಲಿ, ಒಣ ರಸ್ತೆಯಲ್ಲಿ, ಗಾಡಿಯ ಬಲಗಡೆಯ ಕನ್ನಡಿಯನ್ನು ಆ ಕಂಬಕ್ಕೆ ಅರ್ಪಿಸಿದೆ. ಕಾವಲಿನವನು ಓಡಿ ಬಂದ. ಕಂಬ ಎಲ್ಲಿಂದಲೋ ಅಡ್ಡ ಬಂತು ಎಂದೆ. ಆ ಕಂಬ ಇದ್ದ ಜಾಗ ಬಿಟ್ಟು ಕದಲಿದ ದಾಖಲೆ ಯೂನಿಟ್ಟಿನಲ್ಲಿ ಇರಲಿಲ್ಲ.

ನನಗೇನೂ ಆಶ್ಚರ್ಯವಾಗಲಿಲ್ಲ. ಈಗ ಅದನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷದಿಂದ ಬಲಗಣ್ಣಿನ ಅಂಚಿನಲ್ಲಿ ಮಸುಕು ಇತ್ತು. ಮೊದಮೊದಲು ಗಾಜಿಗೆ ಧೂಳು ಕೂತಿದೆ ಎಂದುಕೊಂಡೆ. ಗಾಜು ಒರೆಸಿದೆ. ಕಣ್ಣು ಒರೆಸಿದೆ. ಮಸುಕು ಮಾತ್ರ ನಿಧಾನವಾಗಿ, ಯಾರ ಅಪ್ಪಣೆಯನ್ನೂ ಕೇಳದೆ, ನಡುವಿಗೆ ಬಂತು.

ಹಾಗಾದರೆ ವರ್ಷಕ್ಕೊಮ್ಮೆ ನಡೆಯುವ ಮೆಡಿಕಲ್‌ನಲ್ಲಿ ಹೇಗೆ ಪಾಸಾದೆ ಎಂದು ಓದುಗರು ಕೇಳಬಹುದು. ಡ್ರೈವರುಗಳ ಬ್ಯಾರಕ್ಕಿನಲ್ಲಿ ಬಾಯಿಂದ ಬಾಯಿಗೆ ಬಂದ ಒಂದು ವೇದವಿದೆ. ಕಣ್ಣಿನ ಪರೀಕ್ಷೆಯ ಗೋಡೆಯ ಮೇಲೆ ನೇತು ಹಾಕಿರುವ ಇಂಗ್ಲಿಷ್ ಅಕ್ಷರಗಳೇ ಆ ವೇದ. ಮೇಲಿನ ದಪ್ಪ ಅಕ್ಷರದಿಂದ ಕೆಳಗಿನ ಇರುವೆ ಸಾಲಿನವರೆಗೆ ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಾರೆ. ಕಣ್ಣು ಕೆಟ್ಟವರು ಮಾತ್ರವಲ್ಲ, ನೆಟ್ಟಗಿರುವವರೂ ಕಲಿತಿರುತ್ತಾರೆ, ನಾಳೆಗೆ ಇರಲಿ ಎಂದು. ಎರಡು ವರ್ಷ ನಾನು ಎಡಗಣ್ಣು ಮುಚ್ಚಿ, ಎದೆಯುಬ್ಬಿಸಿ, ಒಂದು ಅಕ್ಷರವೂ ನೆಟ್ಟಗೆ ಕಾಣದೆ ಎಲ್ಲವನ್ನೂ ಒಪ್ಪಿಸಿದ್ದೆ.

ಕಂಬದ ಪ್ರಕರಣವಾದ ವಾರಕ್ಕೆ ಮೂರನೆಯ ಸಲದ ಮೆಡಿಕಲ್ ಬಂತು. ಕುರ್ಚಿಯಲ್ಲಿ ಕೂತೆ. ಬಾಯಿಪಾಠವಾದದ್ದನ್ನು ಮತ್ತೆ ನೋಡುವುದು ಅಪಶಕುನವೆಂದು ಗೋಡೆಯ ಕಡೆ ತಿರುಗಲೂ ಇಲ್ಲ. ಎಡಗಣ್ಣು ಮುಚ್ಚಿ ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದೆ. ಹೊಸದಾಗಿ ಬಂದಿದ್ದ ಡಾಕ್ಟರು ಒಬ್ಬ ಕ್ಯಾಪ್ಟನ್ ಮೇಡಂ. ಅವರು ಹಿಂದಿಯಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಹಳ ಸ್ಪಷ್ಟವಾಗಿ ಹೇಳಿದಿರಿ. ಈಗ ಎರಡೂ ಕಣ್ಣು ತೆರೆದು ನೋಡಿ."

ಗೋಡೆಯ ಮೇಲೆ ಅಕ್ಷರಗಳೇ ಇರಲಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಆಕಾರ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಪಕ್ಕಕ್ಕೆ ತಿರುಗಿ ನಿಂತಿತ್ತು. ಹಲ್ಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬೇಕಿತ್ತಂತೆ. ಮೇಡಂ ಬಂದ ಮಾರನೆಯ ದಿನವೇ ಹಲಗೆ ಬದಲಾಯಿಸಿದ್ದರು. ಇಡೀ ಬ್ಯಾರಕ್ಕಿನ ವೇದ ಅಂದಿಗೆ ಅಪ್ರಸ್ತುತವಾಯಿತು, ಮೊದಲ ಬಲಿ ನಾನಾದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯವನಾದ ನನಗೆ ಅದು ಮನೆಯ ಹತ್ತಿರ ಬಂದಂತೆಯೇ. ಕಣ್ಣಿನ ಸ್ಪೆಷಲಿಸ್ಟ್ ಪ್ರೆಷರ್ ನೋಡಿದರು, ಸ್ಕ್ಯಾನ್ ಮಾಡಿದರು, ಕತ್ತಲ ಡಬ್ಬದಲ್ಲಿ ಮುಖವಿಡಿಸಿ ಬೆಳಕಿನ ಚುಕ್ಕಿಗಳನ್ನು ತೋರಿಸಿದರು. ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕು. ಬಲಗಣ್ಣಿನ ಸರದಿಯಲ್ಲಿ ನನ್ನ ಹೆಬ್ಬೆರಳಿಗೆ ಪೂರ್ತಿ ವಿಶ್ರಾಂತಿ.

"ಗ್ಲಾಕೋಮಾ," ಎಂದರು. "ಕಣ್ಣಿನೊಳಗೆ ಪ್ರೆಷರ್ ಹೆಚ್ಚಾಗಿ ನರ ಸಾಯುತ್ತದೆ. ಸತ್ತ ನರ ತಿರುಗಿ ಬರುವುದಿಲ್ಲ. ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ, ಸರ್."

"ಆಗಲೇ ಬಂದಿದ್ದರೆ ಉಳಿಸಬಹುದಿತ್ತು."

ಶತ್ರುವಿನಿಂದ ಹೋದ ಕಣ್ಣಲ್ಲ, ಬಾಯಿಪಾಠದಿಂದ ಹೋದ ಕಣ್ಣು.

ಎಡಗಣ್ಣಿನಲ್ಲೂ ಪ್ರೆಷರ್ ಏರಿತ್ತು, ನರ ಮಾತ್ರ ಇನ್ನೂ ಉಳಿದಿತ್ತು. ಅದಕ್ಕೆ ಲೇಸರ್ ಆಯಿತು. ಜೀವನಪೂರ್ತಿ ಡ್ರಾಪ್ಸ್ ಎಂದರು. ಎರಡು ಬಾಟಲಿ, ಒಂದು ಹಾಕಿದ ಐದು ನಿಮಿಷಕ್ಕೆ ಇನ್ನೊಂದು. ನನ್ನ ಹೆಂಡತಿ ಪ್ರೇಮ ದಿನಾ ಬಸ್ಸಿನಲ್ಲಿ ಬಸ್ಸಾರು, ಮುದ್ದೆ ಕಟ್ಟಿಕೊಂಡು ಬರುತ್ತಿದ್ದಳು. ನಾಲ್ಕನೆಯ ದಿನ ಡ್ರಾಪ್ಸ್ ಹಾಕುತ್ತಾ, ನಾನು ರೆಪ್ಪೆ ಅಲುಗಿಸುವಂತಿಲ್ಲದ ಹೊತ್ತು ನೋಡಿ ಕೇಳಿದಳು.

"ನಂಗಾದ್ರೂ ಯಾಕ್ರೀ ಹೇಳ್ಲಿಲ್ಲ?"

"ಹೆದರ್ಕೋತೀಯಾ ಅಂತ."

"ಈಗ ಹೆದರ್ಕೊಂಡಿಲ್ವಾ? ಎರಡ್ ವರ್ಷದ್ದೂ ಸೇರ್ಸಿ ಒಂದೇ ಸಲ ಹೆದರ್ಕೋತಾ ಇದೀನಿ. ಕಣ್ ಮುಚ್ಕೊಳಿ, ಐದ್ ನಿಮಿಷ."

ಮೆಡಿಕಲ್ ಬೋರ್ಡ್ ಕೂತು ನನ್ನನ್ನು ಲೋ ಮೆಡಿಕಲ್ ಕ್ಯಾಟಗರಿಗೆ ಇಳಿಸಿತು. ಇನ್ನು ಸ್ಟಿಯರಿಂಗ್ ಮುಟ್ಟುವಂತಿಲ್ಲ. ಉಳಿದದ್ದು ಎರಡು ದಾರಿ. ಒಂದು, ಸಮವಸ್ತ್ರ ಬಿಚ್ಚಿಟ್ಟು ಮನೆಗೆ ಹೋಗುವುದು. ಇನ್ನೊಂದು, ಟ್ರೇಡ್ ಬದಲಾಯಿಸಿ ಬೇರೆ ಕೆಲಸ ಕಲಿಯುವುದು. ಜಾಗ ಖಾಲಿ ಇದ್ದದ್ದು ಅಡುಗೆಯವರ ಟ್ರೇಡಿನಲ್ಲಿ. ಹನ್ನೆರಡು ವಾರ ಟ್ರೈನಿಂಗ್, ಕೊನೆಗೆ ಟ್ರೇಡ್ ಟೆಸ್ಟ್. ಎರಡು ಸಲ ಅವಕಾಶ. ಎರಡರಲ್ಲೂ ಫೇಲಾದರೆ ಮೊದಲನೆಯ ದಾರಿ.

ಸಿಕ್ ಲೀವಿನಲ್ಲಿ ಊರಿಗೆ ಹೋಗಿ ವಿಷಯವನ್ನು ಅಪ್ಪನ ಮುಂದಿಟ್ಟೆ. ಅಪ್ಪ ಹೂಕೋಸಿನ ಹೊಲದಿಂದ ಆಗತಾನೆ ಬಂದು ಕಾಲು ತೊಳೆಯುತ್ತಿತ್ತು. ಮಗ ಮಿಲ್ಟ್ರಿ ಗಾಡಿ ಹೊಡೆಯುತ್ತಾನೆಂದು ಹೋಬಳಿಗೆಲ್ಲ ಹೇಳಿಕೊಂಡಿದ್ದ ಮನುಷ್ಯ.

"ಸೌಟ್ ಹಿಡ್ಯಕ್ಕೆ ಮಿಲ್ಟ್ರಿಗ್ ಹೋಗ್ಬೇಕಿತ್ತೇನ್ಲಾ? ನಿಮ್ಮವ್ವ ನಲವತ್ ವರ್ಷದಿಂದ ಹಿಡ್ದವ್ಳೆ, ಅವ್ಳಿಗ್ಯಾರಾದ್ರೂ ಸೆಲ್ಯೂಟ್ ಹೊಡದವ್ರಾ?"

"ಅಪ್ಪ, ಅಲ್ಲಿ ಅಡ್ಗೆಯೋನೂ ಸೈನಿಕನೇ ಕಣಪ್ಪ."

"ಬಂದ್ಬಿಡ್ಲಾ ಊರ್ಗೆ. ಪಿಲ್ಲಗುಂಪೆ ಫ್ಯಾಕ್ಟ್ರಿ ಗೇಟಲ್ಲಿ ಸೆಕ್ಯೂರಿಟಿ ಕೆಲ್ಸ ಐತಂತೆ."

ಒಳಗಿನಿಂದ ಪ್ರೇಮ ಹೇಳಿದಳು. "ಗೇಟಿನ್ ಕೆಲ್ಸ ಬ್ಯಾಡ ಬಿಡಿ ಮಾವ. ಇವ್ರಿಗೂ ಗೇಟಿಗೂ ಆಗ್ಬರಲ್ಲ."

ಅಪ್ಪ ನಕ್ಕಿತು. ನಾನೂ ನಕ್ಕೆ. ಆಸ್ಪತ್ರೆ ಬಿಟ್ಟ ಮೇಲೆ ಅದೇ ಮೊದಲು. ಮಾರನೆಯ ದಿನವೇ ಅಡುಗೆಯ ಟ್ರೇಡಿಗೆ ಒಪ್ಪಿಗೆ ಬರೆದು ಕಳಿಸಿದೆ. ಯಾಕೆ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಕಿದ ಬಟ್ಟೆಯನ್ನು ಒಂದು ಸುಳ್ಳಿನ ಕಾರಣಕ್ಕೆ ಬಿಚ್ಚಿಡುವುದು ಬೇಡವಾಗಿತ್ತು. ದೊಡ್ಡ ಆದರ್ಶವೇನಲ್ಲ, ನಾಚಿಕೆ.

ಟ್ರೈನಿಂಗ್ ಸೆಂಟರಿನಲ್ಲಿ ನನ್ನ ಜೊತೆಗಿದ್ದವರೂ ನನ್ನಂಥವರೇ. ಒಬ್ಬನದು ಬೆನ್ನು, ಒಬ್ಬನದು ಮಂಡಿ, ಒಬ್ಬನದು ಫಿರಂಗಿಯ ಪಕ್ಕ ನಿಂತು ನಿಂತು ಹೋದ ಕಿವಿ. ಎಲ್ಲರನ್ನೂ ಒಟ್ಟು ಮಾಡಿದರೆ ಒಬ್ಬ ಪೂರ್ತಿ ಸೈನಿಕ ಸಿಗುತ್ತಿದ್ದ. ಕಲಿಸುವವರನ್ನು ನಾವು ಉಸ್ತಾದ್ ಎನ್ನುತ್ತೇವೆ. ನಮ್ಮ ಉಸ್ತಾದ್ ಮಾಲೂರಿನ ಕಡೆಯ ಹವಾಲ್ದಾರ್ ನಂಜುಂಡಪ್ಪ.

"ಏನಪ್ಪಾ ಡ್ರೈವರ್," ಎಂದರು ಮೊದಲನೆಯ ದಿನವೇ. "ಹಿಟ್ನ ಅಷ್ಟ್ ಜೋರಾಗಿ ತಳ್ತಿದೀಯಲ್ಲ, ಕೆಟ್ ನಿಂತಿರೋ ಗಾಡಿ ಅಂದ್ಕೊಂಡಾ?"

ಕಲಿತೆ. ನೂರು ಜನರ ಬೇಳೆಗೆ ಎಷ್ಟು ಉಪ್ಪು ಎಂದು ಅಂಗೈಗೆ ತಿಳಿಯಿತು. ಬಲಗಡೆಯಿಂದ ಬರುವವರಿಗೆ ಡಿಕ್ಕಿ ಹೊಡೆಯದಿರಲು ಗೂಬೆಯಂತೆ ಕತ್ತು ತಿರುಗಿಸುವುದು ರೂಢಿಯಾಯಿತು. ಮುಂಗೈ ಎರಡು ಸಲ ಸುಟ್ಟಿತು. ಪಾತ್ರೆ ಇರುವುದಕ್ಕಿಂತ ದೂರ ಕಾಣುತ್ತಿತ್ತು. ಒಂದೇ ಕಣ್ಣಿಗೆ ದೂರ, ಹತ್ತಿರದ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಕಣ್ಣು ಹೋದದ್ದು ಕಾಗದದಲ್ಲಿತ್ತು, ಈ ಲೆಕ್ಕ ತಪ್ಪುವುದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಡುಗೆಗೂ ನಾಲಾಯಕ್ ಎಂದು ಬರೆದಾರು ಎಂಬ ಹೆದರಿಕೆ. ಒಂದು ಕಣ್ಣು ಕಳೆದುಕೊಂಡ ಮೇಲೂ ಬುದ್ಧಿ ಹಳೆಯ ಬ್ಯಾರಕ್ಕಿನಲ್ಲೇ ಇತ್ತು.

ಟೆಸ್ಟಿನ ದಿನ ಬೇಳೆ ಚೆನ್ನಾಗಿತ್ತು, ಚಪಾತಿ ಉಬ್ಬಿತ್ತು. ಕೊನೆಯಲ್ಲಿ ಪರೀಕ್ಷೆ ನಡೆಸುವ ಬೋರ್ಡಿನ ಮೂವರಿಗೆ ಚಹಾ ಕೊಡಬೇಕು. ಜಗ್ ಎತ್ತಿ, ಎಲ್ಲ ಮರ್ಯಾದೆಯೊಂದಿಗೆ, ಗ್ಲಾಸಿನಿಂದ ಎರಡು ಬೆರಳು ಆಚೆಗೆ, ಬಿಳಿ ಬಟ್ಟೆಯ ಮೇಲೆ ಸುರಿದೆ.

ಫೇಲ್.

ಸಂಜೆ ಉಸ್ತಾದ್ ನನ್ನನ್ನು ಖಾಲಿ ಅಡುಗೆಮನೆಗೆ ಕರೆದರು.

"ಲೇ, ಗ್ಲಾಸ್ ಎಷ್ಟ್ ದೂರ ಐತೆ ಅಂತ ನಿಂಗೆ ಗೊತ್ತಾಗಲ್ಲ ಅಲ್ವಾ?"

"ಗೊತ್ತಾಗುತ್ತೆ ಉಸ್ತಾದ್. ಕೈ ನಡುಗ್ತು ಅಷ್ಟೇ."

"ನಡುಗೋ ಕೈನೂ ನೋಡಿದೀನಿ, ಸುಳ್ ಹೇಳೋ ಬಾಯ್ನೂ ನೋಡಿದೀನಿ ಕಣೋ. ಕಣ್ ಹೋಗಿರದು ತಪ್ಪಲ್ಲ. ಹೋಗೇ ಇಲ್ಲ ಅನ್ನೋ ಥರ ಬಡಿಸ್ತೀಯಲ್ಲ, ಬಿಸಿ ಸಾರು ಯಾರ್ ಮೈ ಮೇಲ್ ಬೀಳುತ್ತೆ?"

ಅವರೇ ಜಗ್ಗಿನ ಮೂತಿಯನ್ನು ಗ್ಲಾಸಿನ ಅಂಚಿಗೆ ಮೆತ್ತಗೆ ತಾಗಿಸಿದರು. ಟಿಣ್ ಎಂದಿತು. "ಮೊದ್ಲು ತಾಗ್ಸು, ಆಮೇಲ್ ಸುರಿ. ಕಣ್ಣಿಗಲ್ಲ, ಕೈಗ್ ಕೇಳು." ಒಂದು ತಿಂಗಳು ನೀರಿನಲ್ಲಿ ಅಭ್ಯಾಸ ಮಾಡಿದೆ.

ಎರಡನೆಯ ಟೆಸ್ಟ್, ಕೊನೆಯದು. ಬೋರ್ಡಿನ ಹಿರಿಯರು ಹೋದ ಸಲ ಬಂದಿದ್ದ ಕರ್ನಲ್ಲೇ. ಮೊದಲ ಗ್ಲಾಸಿಗೆ ಟಿಣ್ ಎಂದಾಗಲೇ ಹುಬ್ಬೇರಿಸಿದರು.

"ಜಗ್ ಗ್ಲಾಸಿಗೆ ಯಾಕೆ ತಾಗಿಸುತ್ತೀಯ? ಮೆಸ್ಸಿನಲ್ಲಿ ಹಾಗೆ ಬಡಿಸುವ ಪದ್ಧತಿ ಇಲ್ಲ."

ಜಗ್ಗಿನ ತೂಕ, ಕೈಯ ಬೆವರು, ಹೀಗೆ ನಾಲ್ಕು ನೆಪ ನಾಲಿಗೆಯ ತುದಿಗೆ ಬಂದವು. ಹೇಳಲಿಲ್ಲ.

"ಬಲಗಣ್ಣು ಕಾಣುವುದಿಲ್ಲ, ಸರ್. ಗ್ಲಾಸ್ ಎಲ್ಲಿದೆ ಎಂದು ತಾಗಿಸಿಯೇ ತಿಳಿಯಬೇಕು."

"ಹೋದ ಸಲ ಯಾಕೆ ಹೇಳಲಿಲ್ಲ?"

"ಮನೆಗೆ ಕಳಿಸುತ್ತೀರೆಂದು, ಸರ್."

"ಈಗಲೂ ಕಳಿಸಬಹುದು."

"ಕಳಿಸಬಹುದು, ಸರ್. ಆದರೆ ಚಹಾ ಈ ಸಲ ಗ್ಲಾಸಿನೊಳಗೇ ಇದೆ."

ಕರ್ನಲ್ ಗ್ಲಾಸಿನ ಸುತ್ತಲಿನ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಒಣಗಿಯೇ ಇತ್ತು. ಚಹಾ ಕುಡಿದರು. ಸಕ್ಕರೆ ಸ್ವಲ್ಪ ಹೆಚ್ಚು ಎಂದರು. ಪಾಸ್ ಎಂದು ಬರೆದರು.

ಇದೆಲ್ಲ ಆಗಿ ಎಂಟು ತಿಂಗಳು. ಈಗ ಬೇರೆ ಯೂನಿಟ್ಟಿನಲ್ಲಿ ಅಡುಗೆಯವನಾಗಿದ್ದೇನೆ. ಎಡಗಣ್ಣಿನ ಪ್ರೆಷರ್ ಹತೋಟಿಯಲ್ಲಿದೆ, ಮುಂದೆಯೂ ಇರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಡ್ರಾಪ್ಸಿನ ಹೊತ್ತಿಗೆ ಊರಿಂದ ಪ್ರೇಮಳ ಫೋನ್ ಬರುತ್ತದೆ. ಎರಡು ಬಾಟಲಿಯ ನಡುವಿನ ಐದು ನಿಮಿಷ ನಾವು ಮಾತಾಡುತ್ತೇವೆ. ಮದುವೆಯಾದಾಗಿನಿಂದ ಇಷ್ಟು ಮಾತಾಡಿರಲಿಲ್ಲ.

ಇಲ್ಲಿಗೆ ಬಂದ ಮೊದಲ ಊಟಕ್ಕೇ ನನ್ನ ಕಣ್ಣಿನ ವಿಷಯವನ್ನು ಸಾಲಿನಲ್ಲಿ ನಿಂತವರಿಗೆಲ್ಲ ಗಟ್ಟಿಯಾಗಿ ಹೇಳಿಬಿಟ್ಟೆ. ಹಸಿದವರಿಗೆ ಕಣ್ಣಿನ ಸಮಾಚಾರಕ್ಕಿಂತ ಬೇಳೆಯ ಸಮಾಚಾರ ಮುಖ್ಯ. ಆದರೆ ಅಂದಿನಿಂದ ಒಬ್ಬೊಬ್ಬನೂ ಸರದಿ ಬಂದಾಗ ತಟ್ಟೆಯನ್ನು ಮುಂದೆ ಚಾಚಿ, ಸೌಟಿಗೆ ತಾಗಿಸಿ ನಿಲ್ಲುತ್ತಾನೆ. ತಾಗಿದ ಮೇಲೆ ನಾನು ಬಡಿಸುತ್ತೇನೆ.