ದಗಲೆಯ ಮೂಲೆಯ ರೊಟ್ಟಿ ಚೂರು

ಮೊನ್ನೆ ಮನೆಗೆ ಬಣ್ಣ ಹಚ್ಚುವವರು ಬಂದಿದ್ದರು. ಮಂಚದ ಕೆಳಗಿನ ಟ್ರಂಕು ಹೊರಗೆ ತೆಗೆಯಿರಿ ಅಂದರು. ತೆಗೆದೆ. ಮುಚ್ಚಳ ಎತ್ತಿದ ಕೂಡಲೇ ಡಾಂಬರು ಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಇನ್ನೊಂದು ವಾಸನೆ... ಹಳೆಯ ಧೋತರ, ಕಾಚಿನ ಬಣ್ಣ, ಸ್ವಲ್ಪ ತಪಕೀರು, ಅದೇ ನಶ್ಯ. ಇಷ್ಟು ವರ್ಷದ ಮೇಲೆ ತಪಕೀರಿನ ವಾಸನೆ ಉಳಿದಿರಲಾರದು, ನನಗೂ ಗೊತ್ತು. ಆದರೂ ಬಂತು.

ಸೀರೆಗಳ ಅಡಿಯಲ್ಲಿ ದಗಲೆ ಮಡಿಚಿಟ್ಟ ಹಾಗೆಯೇ ಇತ್ತು. ದಗಲೆ ಅಂದರೆ ಹಿಂದಿನ ಕಾಲದ ಸಿಪಾಯಿಗಳು ತೊಡುತ್ತಿದ್ದ ದಪ್ಪ ಅಂಗಿ, ಮೊಣಕಾಲಿನ ತನಕ ಬರುವಂಥದ್ದು, ಪದರ ಪದರವಾಗಿ ಅರಿವೆ ಸೇರಿಸಿ ಕೈಯಿಂದ ಹೊಲಿದದ್ದು. ಅದರ ಎಡಗಡೆಯ ಕೆಳಮೂಲೆಯನ್ನು ಮುಟ್ಟಬಾರದು ಅಂದುಕೊಂಡೆ. ಕೈ ಅಲ್ಲಿಗೇ ಹೋಯಿತು.

ಹೊಲಿದವಳು ಆಯಿ. ಗೋಕಾಕದಲ್ಲಿ ನಮ್ಮ ಗೋಡೆಗೆ ಹತ್ತಿದ ಒಂದು ಖೋಲಿಯಲ್ಲಿ ಬಾಡಿಗೆಗೆ ಇದ್ದಳು. ಮೂಲ ಕೌಜಲಗಿಯವಳು. ಸಂಬಂಧದಲ್ಲಿ ಅಜ್ಜಿಯೇನೂ ಅಲ್ಲ, ಗಲ್ಲಿಗೆಲ್ಲ ಆಯಿ. ಹಳೆಯ ಸೀರೆಗಳನ್ನು ಪದರವಾಗಿ ಸೇರಿಸಿ ಹೊದೆಯುವ ಕೌದಿ ಹೊಲಿಯುವುದೇ ಅವಳ ಕಸುಬು. ಮೂಗಿಗೆ ತಪಕೀರು ಏರಿಸಿ, ಕಾಲು ಚಾಚಿ ಕಟ್ಟೆಯ ಮೇಲೆ ಕೂತಳೆಂದರೆ ಮುಗಿಯಿತು, ದಾರಿಯಲ್ಲಿ ಹೋಗುವವರ ಅರಿವೆಯೆಲ್ಲ ಅವಳ ತಪಾಸಣೆಗೆ. ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಓಡುವಾಗ ನನ್ನ ಸೀರೆಯ ಅಂಚು ಹಿಡಿದು ನಿಲ್ಲಿಸಿ, ಈ ಫಾಲ್ ಹೊಲಿದ ಕತ್ತೆ ಯಾವುದು ಅಂತ ಕೇಳಿದ್ದುಂಟು. ಹೊಲಿದ ಕತ್ತೆ ನಾನೇ. ಅಂದಿನಿಂದ ಹೊಲಿಯಲು ಸೂಜಿ ನನ್ನ ಕೈಗೆ ಕೊಡಲಿಲ್ಲ ಪುಣ್ಯಾತ್ಗಿತ್ತಿ. ಅವಳ ಕಣ್ಣು ಮಂದವಾಗಿತ್ತು, ನೂಲು ಪೋಣಿಸಿ ಕೊಡುವುದಷ್ಟೇ ನನ್ನ ಕೆಲಸವಾಯಿತು.

ಆಗಲೇ ಅವಳ ಕೆಲಸ ಬತ್ತುತ್ತಾ ಬಂದಿತ್ತು. ಜನ ಅಂಗಡಿಯಿಂದ ಮೆತ್ತನೆಯ ಬ್ಲ್ಯಾಂಕೆಟ್ ತರುತ್ತಿದ್ದರು, ಹಳೆಯ ಸೀರೆ ಕೊಟ್ಟು ಪಾತ್ರೆ ಕೊಳ್ಳುತ್ತಿದ್ದರು. ಆಯಿಗೆ ಊಟಕ್ಕೇನೂ ಕೊರತೆ ಇರಲಿಲ್ಲ, ಗಂಡನ ಪಿಂಚಣಿ ಬರುತ್ತಿತ್ತು. ಆದರೆ ಕೈ ಖಾಲಿ ಕೂತ ದಿನ ಅವಳನ್ನು ನೋಡುವುದೇ ಕಷ್ಟವಾಗುತ್ತಿತ್ತು. ತನ್ನದೇ ಕೌದಿಯನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಹೊಲಿಗಿ ನಿಂತರ ನಾನೂ ನಿಂತಂಗ ಅಂತ ಒಮ್ಮೆ ಸಹಜವಾಗಿ ಹೇಳಿ ಮೂಗು ಒರೆಸಿಕೊಂಡಿದ್ದಳು. ನಾನು ನಕ್ಕಿದ್ದೆ.

ಹುಕ್ಕೇರಿಯಲ್ಲಿ ಕೆಲವರು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದರು. ಕುಂಪಣಿ ಸರ್ಕಾರದ ಪಡೆಯನ್ನು ನಮ್ಮ ಭಾಗದ ದೇಸಾಯಿಯ ವಾಡೆಯ ಸಿಪಾಯಿಗಳು ಎದುರಿಸಿದ್ದನ್ನು ವರ್ಷಕ್ಕೊಮ್ಮೆ ಊರ ಹೊರಗಿನ ಹೊಲದಲ್ಲಿ ಆಡಿ ತೋರಿಸಬೇಕು ಎಂದು ಅವರ ಆಸೆ. ಇತಿಹಾಸದವಳು ಅಂತ ವೇಷಭೂಷಣ ನನ್ನ ತಲೆಗೆ ಕಟ್ಟಿದರು. ಅಧ್ಯಕ್ಷರದ್ದು ಒಂದೇ ಹಟ: ಆ ಕಾಲದಲ್ಲಿ ಮಷೀನು ಇರಲಿಲ್ಲ, ಒಂದು ಹೊಲಿಗೆಯೂ ಮಷೀನಿನದು ಇರಕೂಡದು. ಹೊಲಿಯುವವರು ನಮ್ಮ ಮನೆಯ ಬಾಜೂಕೇ ಇದ್ದಾರೆ ಅಂತ ನಾನು ಎದೆ ತಟ್ಟಿ ಹೇಳಿ ಬಂದೆ.

ಮೂವತ್ತು ದಗಲೆ, ಪಡೆಯ ಮುಂದೆ ಹಿಡಿಯಲು ಒಂದು ನಿಶಾನಿ, ಅಂದರೆ ಬಾವುಟ. ಸಂಜೆ ಶಾಲೆಯಿಂದ ಬಂದವಳು ನೇರ ಅವಳ ಕಟ್ಟೆಗೆ ಹೋಗುತ್ತಿದ್ದೆ. ಅವಳು ಬೈಯುತ್ತಾ, ಹಾಡುತ್ತಾ, ತಪಕೀರು ಏರಿಸುತ್ತಾ ಹೊಲಿಯುತ್ತಿದ್ದಳು. ನಿಶಾನಿಯನ್ನು ಎರಡೂ ಮಗ್ಗುಲಿಗೆ ಒಂದೇ ಥರ ಕಾಣುವಂತೆ ಹೊಲಿದಳು. ಗಾಳಿಗೆ ಮುಂದೆ ಯಾವುದು ಹಿಂದೆ ಯಾವುದು ಗೊತ್ತಾಗುವುದಿಲ್ಲ, ಉಲ್ಟಾ ಇರಬಾರದು ಎಂದಳು. ಅಷ್ಟು ಖುಷಿಯಾಗಿ ನಾನು ಅವಳನ್ನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಕೌದಿ ಮುಗಿಸುವಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತ ಅದಕ್ಕೆ ಹೆಸರು. ಮೊದಲ ದಗಲೆ ಮುಗಿದಾಗ ಆಯಿ ಖಡಕ್ ರೊಟ್ಟಿ ಮುರಿದು ಎಡಗಡೆಯ ಕೆಳಮೂಲೆಗೆ ಇಟ್ಟಳು. ಇದು ಕೌದಿ ಅಲ್ಲವಲ್ಲ ಆಯಿ ಅಂದೆ. ಹಲ್ಲಿನಿಂದ ನೂಲು ಕಡಿದು ನನ್ನ ಕಡೆ ತಿರುಗಿದಳು.

"ಲಡಾಯಿಗಿ ಹೊಂಟಾರವಾ. ಹಸದ ಹೊಟ್ಟೀಲೆ ಕಳಸೂದ?"

ನಾನು ಬೇಡ ಅನ್ನಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಬೇಡ ಅನ್ನಲೇ ಇಲ್ಲ. ನಿಶಾನಿಗೆ ಹೋಳಿಗೆಯ ಚೂರನ್ನು ನಾನೇ ನಮ್ಮ ಅಡುಗೆಮನೆಯಿಂದ ತಂದುಕೊಟ್ಟೆ. ಮುಂದೆ ಹೋಗುವವನು ಚಲೋದು ಉಣ್ಣಬೇಕು ಎಂದಳು.

ಆ ವರ್ಷ ಹುಕ್ಕೇರಿಯ ಹೊಲದಲ್ಲಿ ಮೂವತ್ತು ಜನ ಕಾಚಿನ ಬಣ್ಣದ ದಗಲೆ ತೊಟ್ಟು ನಿಶಾನಿಯ ಹಿಂದೆ ಓಡಿ ಬಂದಾಗ ಜನ ಎದ್ದು ನಿಂತರು. ಆಯಿ ಕೂತೇ ಇದ್ದಳು. ಅವಳ ಕಣ್ಣೆಲ್ಲ ಹೊಲಿಗೆಯ ಮೇಲೆ. ಸತ್ತು ಬಿದ್ದ ಸಿಪಾಯಿಯೊಬ್ಬ ಜಾಲಿಮುಳ್ಳಿನ ಮೇಲೆ ಹೊರಳಿದ ಅಂತ ಸಿಟ್ಟಾಗಿ, ಅವನನ್ನು ಎಬ್ಬಿಸಿ ಬೇರೆ ಕಡೆ ಸಾಯಲು ಹೇಳು ಅಂತ ನನ್ನ ಮೊಣಕೈ ತಿವಿದಳು. ಅಧ್ಯಕ್ಷರು ಎಲ್ಲರೆದುರು ಅವಳಿಗೆ ಕೈ ಮುಗಿದರು. ಮುಂದಿನ ವರ್ಷವೂ ನೀವೇ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಆ ಮಾತನ್ನು ಎಷ್ಟು ಸಲ ನನ್ನ ಬಾಯಿಂದ ಹೇಳಿಸಿಕೊಂಡಳೋ...

ದಗಲೆಗಳನ್ನು ಯಮಕನಮರಡಿಯಲ್ಲಿ ಹೆದ್ದಾರಿ ಪಕ್ಕದ ಒಂದು ಗೋದಾಮಿನಲ್ಲಿಟ್ಟು ಕೀಲಿ ನನ್ನ ಕೈಗೆ ಕೊಟ್ಟರು. ತಿಂಗಳಿಗೊಮ್ಮೆ ಹೋಗಿ ಬಿಸಿಲಿಗೆ ಹಾಕಬೇಕು. ಆಯಿ ನೂರು ಸಲ ಹೇಳಿದ್ದಳು: ಬಿಸಿಲು ಕಂಡ ಅರಿವೆಯನ್ನು ಯಾವ ಹುಳವೂ ಇಲಿಯೂ ಮುಟ್ಟುವುದಿಲ್ಲ. ಮೊದಲ ತಿಂಗಳು ಹೋದೆ. ಎರಡನೆಯ ತಿಂಗಳು ಪರೀಕ್ಷೆ. ಮೂರನೆಯದಕ್ಕೆ ನೆಂಟರು. ಆಮೇಲೆ ನೆಪವೂ ಬೇಕಾಗಲಿಲ್ಲ. ಎರಡು ಬಸ್ಸು ಬದಲಿಸಿ ಹೋಗುವುದು ಯಾರಿಗೆ ಬೇಕಿತ್ತು? ಬಿಸಿಲಿಗೆ ಹಾಕಿದಿಯೇನವಾ ಅಂತ ಆಯಿ ಪ್ರತಿ ತಿಂಗಳೂ ಕೇಳುತ್ತಿದ್ದಳು. ಹಾಕಿದೆ ಆಯಿ, ಅನ್ನುತ್ತಿದ್ದೆ.

ಮರುವರ್ಷ ಆಟಕ್ಕೆ ಎಂಟು ದಿನ ಇರುವಾಗ ಗೋದಾಮಿನ ಬಾಗಿಲು ತೆಗೆದೆವು. ಅಧ್ಯಕ್ಷರು, ನಾನು, ಆಯಿ. ಒಳಗಿನಿಂದ ಇಲಿಯ ಉಚ್ಚೆಯ ವಾಸನೆ ಬಂತು. ಮೊದಲ ದಗಲೆ ಎತ್ತಿದೆ, ಎಡಮೂಲೆಯಲ್ಲಿ ತೂತು. ಎರಡನೆಯದಕ್ಕೂ ಅಲ್ಲೇ. ಮೂರನೆಯದಕ್ಕೂ. ರೊಟ್ಟಿ ಇದ್ದ ಜಾಗದಿಂದ ಶುರುಮಾಡಿ ಮೇಲೆ ಮೇಲೆ ತಿಂದಿದ್ದವು. ಕೆಲವುಗಳ ಹೊಟ್ಟೆಯಲ್ಲಿ ಮರಿಗಳೇ ಇದ್ದವು. ನಿಶಾನಿಯಲ್ಲಿ ತಾಟಿನಷ್ಟು ಅಗಲದ ತೂತು ಬಿದ್ದಿತ್ತು. ಮೂವತ್ತರಲ್ಲಿ ಒಂದೂ ನೆಟ್ಟಗೆ ಉಳಿದಿರಲಿಲ್ಲ.

ಹೀಗೆ ಒಂದೇ ಮೂಲೆ ಹೇಗೆ ತಿಂದವು, ಏನಿತ್ತು ಅಲ್ಲಿ, ಅಂತ ಅಧ್ಯಕ್ಷರು ನನ್ನನ್ನೇ ನೋಡಿ ಕೇಳಿದರು. ಕೀಲಿ ನನ್ನ ಕೈಯಲ್ಲೇ ಇತ್ತು. ನನ್ನ ಬಾಯಿಂದ ಬಂದದ್ದು ಇಷ್ಟು:

"ಆಯಿ ಒಳಗ ರೊಟ್ಟಿ ಇಟ್ಟ ಹೊಲದಾಳ್ರಿ. ಬ್ಯಾಡ ಅಂತ ನಾ ಹೇಳಿದ್ದೆ. ಕೇಳಲಿಲ್ರಿ."

ಆಯಿ ಒಂದು ದಗಲೆಯನ್ನು ಮೂಗಿಗೆ ಹಿಡಿದು ನಿಂತಿದ್ದಳು. ತಿಂಗಳುಗಟ್ಟಲೆ ಬಿಸಿಲು ಕಾಣದ ಅರಿವೆ ಅಂತ ಅವಳಿಗೆ ಆ ವಾಸನೆಯಿಂದಲೇ ತಿಳಿದಿರಬೇಕು. ತಿಳಿಯದೇ ಇರುವವಳಲ್ಲ. ನನ್ನ ಮುಖ ನೋಡಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ಕಾದು ನಿಂತೆ. ಅವಳು ಹೇಳಲಿಲ್ಲ. ಅಧ್ಯಕ್ಷರ ಮುಂದೆ ಸೆರಗು ಒಡ್ಡಿದಳು. ಎಂಟು ದಿನ ಕೊಡಿ, ಎಲ್ಲ ಸರಿ ಮಾಡುತ್ತೇನೆ, ಕೆಲಸ ಬೇರೆ ಮಂದಿಗೆ ಮಾತ್ರ ಕೊಡಬೇಡಿ ಅಂತ ಬೇಡಿಕೊಂಡಳು. ರೊಟ್ಟಿಗಿಟ್ಟಿ ಏನೂ ಇಡಬಾರದು ಎಂಬ ಕಟ್ಟಪ್ಪಣೆಯ ಮೇಲೆ ಅವರು ಹೂಂ ಅಂದರು.

ಆ ವಾರ ನಾನು ರಜೆ ಹಾಕಿ ಬೆಳಿಗ್ಗೆಯಿಂದ ಅವಳ ಖೋಲಿಯಲ್ಲಿ ಕೂತೆ. ಬರಬೇಡ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಬೈಗುಳ ನಿಂತಿತ್ತು, ಹಾಡು ನಿಂತಿತ್ತು. ಮೊದಲು ನನ್ನನ್ನು ಯವ್ವಾ, ತಂಗಿ ಅನ್ನುತ್ತಿದ್ದವಳು ಈಗ ಅಕ್ಕೋರ, ಸೂಜಿ ಪೋಣಿಸಿ ಕೊಡ್ರಿ, ಅನ್ನುತ್ತಿದ್ದಳು, ಶಾಲೆಗೆ ಬಂದ ಪಾಲಕರ ಹಾಗೆ. ಮೂರನೆಯ ದಿನಕ್ಕೆ ಅವಳ ಬೆರಳು ಊದಿಕೊಂಡವು. ಅರಿವೆ ಸುತ್ತಿಕೊಂಡಳು. ಸೂಜಿ ಹಿಡಿಯಲು ಬಾರದಾದಾಗ ಹಲ್ಲಿನಿಂದ ಎಳೆದಳು. ಉಣ್ಣು ಆಯಿ ಅಂದರೆ ಹೂಂ ಅನ್ನುತ್ತಿದ್ದಳು, ತಾಟು ಹಾಗೆಯೇ ಆರುತ್ತಿತ್ತು. ಗೋದಾಮಿಗೆ ನಾನು ಹೋಗಿರಲಿಲ್ಲ ಆಯಿ ಅಂತ ಹೇಳಿಬಿಡಬೇಕು ಎಂದು ದಿನಕ್ಕೆ ಹತ್ತು ಸಲ ಬಾಯಿ ತೆರೆದೆ. ತೆರೆದು ಸೂಜಿಗೆ ನೂಲು ಪೋಣಿಸಿದೆ.

ಐದನೆಯ ದಿನ ಅಧ್ಯಕ್ಷರ ಫೋನು ಬಂತು. ಬೇರೆ ವ್ಯವಸ್ಥೆ ಆಗಿದೆ, ಆಯಿಗೆ ತ್ರಾಸು ಕೊಡಬೇಡಿ ಅಂದರು. ಹೇಳಿದೆ. ಕೈಯಲ್ಲಿದ್ದ ದಗಲೆಯಿಂದ ಅವಳು ತಲೆ ಎತ್ತಲಿಲ್ಲ. ಇದೊಂದು ಮುಗಿಸುತ್ತೇನೆ ಅಂದಳು. ಮುಗಿಸಿ, ನಿಶಾನಿ ತೆಗೆದುಕೊಂಡು ಕೂತಳು. ಅಷ್ಟು ದೊಡ್ಡ ತೂತಿಗೆ ತೇಪೆ ಎಲ್ಲಿ ಹಾಕಿದ್ದಾಳೆ ಅಂತ ಬೆಳಕಿಗೆ ಹಿಡಿದು ಹುಡುಕಿದರೂ ನನಗೆ ಸಿಗಲಿಲ್ಲ.

ಆಟದ ದಿನ ನಿಶಾನಿಯನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿಕೊಂಡು ನನ್ನ ಜೊತೆ ಹುಕ್ಕೇರಿಗೆ ಬಂದಳು. ಹೊಲದಲ್ಲಿ ಸಿಪಾಯಿಗಳು ಮಿರಿಮಿರಿ ಮಿಂಚುವ ಸಾಟೀನು ಕೋಟು ತೊಟ್ಟು ಮದುವೆ ಬ್ಯಾಂಡಿನವರ ಹಾಗೆ ನಿಂತಿದ್ದರು. ಸ್ಟೀಲು ಪೈಪಿಗೆ ಪ್ರಿಂಟು ಹಾಕಿದ ಬಾವುಟ ಕಟ್ಟಿದ್ದರು. ಆಯಿ ಜನರನ್ನು ಸರಿಸಿಕೊಂಡು ಅಧ್ಯಕ್ಷರ ಹತ್ತಿರ ಹೋಗಿ ಗಂಟು ಬಿಚ್ಚಿದಳು.

"ಸಾವ್ಕಾರ್ರ, ಅಂಗಿ ಬ್ಯಾಡಾದ್ರ ಬಿಡ್ರಿ. ನಿಶಾನಿ ಒಂದರ ಹಿಡೀರಿ. ಈ ಸಲ ಒಳಗ ಏನೂ ಇಟ್ಟಿಲ್ರಿ."

ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡೆ. ಅವಳ ಹಟ ನನಗೆ ಗೊತ್ತಿಲ್ಲವೇ? ಹೊಟ್ಟೆ ತುಂಬಿಸದೆ ಒಂದು ಮೂಲೆಯನ್ನೂ ಮುಚ್ಚುವವಳಲ್ಲ. ಅಧ್ಯಕ್ಷರಿಗೂ ಅನುಮಾನ ಬಂದಿರಬೇಕು, ನನ್ನ ಕಡೆ ನೋಡಿದರು. ಆಯಿಯೂ ತಿರುಗಿದಳು.

"ನೀವರ ಒಂದ ಮಾತ ಹೇಳ್ರಿ, ಅಕ್ಕೋರ."

ಒಂದು ಮಾತು ಸಾಕಿತ್ತು. ತಪ್ಪು ಅವಳದಲ್ಲ, ಕೀಲಿ ನನ್ನ ಹತ್ತಿರ ಇತ್ತು, ನಾನು ಹೋಗಲಿಲ್ಲ... ಅಷ್ಟು ಜನರ ಮುಂದೆ, ಆಟ ನೋಡಲು ಬಂದಿದ್ದ ನನ್ನ ವಿದ್ಯಾರ್ಥಿಗಳ ಮುಂದೆ, ಹೊತ್ತಾಯಿತು, ಶುರುಮಾಡಿ ಅಂತ ಅಧ್ಯಕ್ಷರಿಗೆ ಹೇಳಿದೆ. ಹೌದು, ಅದನ್ನೇ ಹೇಳಿದೆ. ಆಯಿ ನಿಶಾನಿಯನ್ನು ಮಡಿಚಿ, ಮತ್ತೆ ಗಂಟು ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಹೊಲದ ಬದುವಿನ ಮೇಲೆ ಕೂತಳು. ಮೈಕಿನವನು ಜಯಕಾರ ಕೂಗಿಸುತ್ತಿದ್ದ.

ತಿಂಗಳೊಳಗೆ ಖೋಲಿ ಖಾಲಿ ಮಾಡಿ ಕೌಜಲಗಿಗೆ, ಅಣ್ಣನ ಮಗನ ಮನೆಗೆ ಹೋದಳು. ನಾನು ಶಾಲೆಗೆ ಹೋದ ಹೊತ್ತು ನೋಡಿಯೇ ಹೊರಟಿದ್ದಳು. ಕೊನೆಗೆ ಮುಗಿಸಿದ ಆ ದಗಲೆಯನ್ನು ನಮ್ಮ ಅತ್ತೆಯ ಕೈಗೆ ಕೊಟ್ಟು, ಅಕ್ಕೋರಿಗೆ ಕೊಡಿ ಅಂದಿದ್ದಳು. ಕೌಜಲಗಿ ಎಷ್ಟು ದೂರ? ಬಸ್ಸು ಹತ್ತಿದರೆ ಹೋಗಿಬರಬಹುದಿತ್ತು. ಹೋಗಲಿಲ್ಲ. ಎರಡು ವರ್ಷದ ಮೇಲೆ ಅರಭಾವಿಯಲ್ಲಿ ಬಸ್ಸಿಗೆ ಕಾಯುವಾಗ ಆ ಊರಿನ ಹೆಂಗಸೊಬ್ಬಳು ಸಿಕ್ಕಳು. ಆಯಿ ತೀರಿಹೋಗಿ ಆರು ತಿಂಗಳಾಯಿತು ಅಂದಳು. ಅಲ್ಲಿ ಸೂಜಿ ಮುಟ್ಟಲೇ ಇಲ್ಲವಂತೆ. ಯಾರಾದರೂ ಕೌದಿ ಹೊಲಿದು ಕೊಡು ಎಂದು ಬಂದರೆ, ನನಗ ಹೊಲ್ಯಾಕ ಬರೂದಿಲ್ಲ, ಅನ್ನುತ್ತಿದ್ದಳಂತೆ.

ಅಂದಿನಿಂದ ನನಗೆ ನಾನೇ ಒಂದು ಸಮಾಧಾನ ಮಾಡಿಕೊಂಡಿದ್ದೆ. ಎಷ್ಟಾದರೂ ಆಯಿ ಹಟಮಾರಿ. ಅಧ್ಯಕ್ಷರಿಗೆ ಹೂಂ ಅಂದು, ನನ್ನ ಕಣ್ಣು ತಪ್ಪಿಸಿ ರೊಟ್ಟಿ ಚೂರು ಇಟ್ಟೇ ಹೊಲಿದಿರುತ್ತಾಳೆ. ಆ ಮೂಲೆ ತುಂಬಿದೆ ಅಂದರೆ ಅವಳನ್ನು ನಾನು ಪೂರ್ತಿ ಮುರಿದಿಲ್ಲ ಅಂತ ಅರ್ಥ. ಅಷ್ಟು ಪದರದ ದಪ್ಪದ ಮೇಲಿಂದ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ಬಿಚ್ಚಿ ನೋಡುವ ಧೈರ್ಯ ಇಷ್ಟು ವರ್ಷ ಆಗಿರಲಿಲ್ಲ.

ಮೊನ್ನೆ ಬಣ್ಣದವರು ಊಟಕ್ಕೆ ಹೋದಾಗ ಕತ್ತರಿ ತಂದೆ. ಕಿಟಕಿಯ ಬೆಳಕಿನಲ್ಲಿ ಕೂತು ನಾಲ್ಕು ಹೊಲಿಗೆ ಬಿಚ್ಚಿದೆ. ಬೆರಳು ಒಳಗೆ ಹಾಕಿದೆ. ಪದರ ಪದರ ಸರಿಸಿದೆ. ಮೂಲೆಯ ತುದಿಯ ತನಕ ಹುಡುಕಿದೆ. ಪುಡಿ ಕೂಡ ಇರಲಿಲ್ಲ. ಬರೀ ಅರಿವೆ.

ಸುಳ್ಳು ಹೇಳಿದ್ದು ಅವಳಲ್ಲ. ಬೇಡ ಅಂತ ನಾನು ಹೇಳಿದ್ದೆ ಅಂದೆನಲ್ಲ, ಎಂದೂ ಹೇಳಿರದ ಆ ಮಾತನ್ನು ಆಯಿ ನಡೆಸಿಕೊಟ್ಟಿದ್ದಳು.

ಮೂಲೆ ಬಿಚ್ಚಿದ ದಗಲೆ ಮಂಚದ ಮೇಲೆ ಹಾಗೆಯೇ ಬಿದ್ದಿದೆ. ಅಡುಗೆಮನೆಯ ಬುಟ್ಟಿಯಲ್ಲಿ ರೊಟ್ಟಿ ಇದೆ. ಸೂಜಿಗೆ ನೂಲು ಪೋಣಿಸಿ ಇಟ್ಟುಕೊಂಡಿದ್ದೇನೆ. ಹೊಲಿಯಲು ನನಗೆ ಬರುವುದಿಲ್ಲ.