ಜದ್ದಿಯ ಕೋಟಿನ ಮೂರು ಪಟ್ಟಿ

ನಾನು ಚಿಕ್ಕವಳಿದ್ದಾಗ ನನ್ನ ಕಣ್ಣು ಬಹಳ ಚುರುಕು. ಆ ಚುರುಕೇ ಒಂದು ದಿನ ನಮ್ಮನ್ನು ಪೇಚಿಗೆ ಸಿಲುಕಿಸಿತು.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ನಾವಿದ್ದ ಕಟ್ಟಡದ ಕೆಳಗೇ ಅಪ್ಪನ ಟೈಲರ್ ಅಂಗಡಿ ಇತ್ತು. ಹರಿದ ಬಟ್ಟೆಯನ್ನು ಎಳೆಗೆ ಎಳೆ ಸೇರಿಸಿ, ಗುರುತೇ ಸಿಗದಂತೆ ಮುಚ್ಚುವ ರಫು ಕೆಲಸದಲ್ಲಿ ಅಪ್ಪನದು ಎತ್ತಿದ ಕೈ. ತೂತು ಹುಡುಕಿಕೊಡುವವಳು ನಾನು. ಇಸ್ತ್ರಿಯ ಹಬೆ, ಪಕ್ಕದ ಕೆಫೆಟೇರಿಯಾದ ಏಲಕ್ಕಿ ಚಹಾ, ಎಲ್ಲ ಕಲೆತ ಆ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ನಮ್ಮ ಎದುರಿನ ಫ್ಲಾಟಿನಲ್ಲಿ ಮೊರಾಕೊ ದೇಶದ ಅಜ್ಜರೊಬ್ಬರು ಮೊಮ್ಮಗಳ ಜೊತೆ ಇದ್ದರು. ತೊಂಬತ್ತು ದಾಟಿತ್ತು. ಅರಬಿಯಲ್ಲಿ ಅಜ್ಜನನ್ನು ಕರೆಯುವಂತೆ ನಾವೂ ಅವರನ್ನು ‘ಜದ್ದಿ’ ಎನ್ನುತ್ತಿದ್ದೆವು. ಕೂತಲ್ಲಿ ಕೂರುವ ಜನ ಅಲ್ಲವೇ ಅಲ್ಲ. ಬೆಳಗಾದರೆ ಕಾರಿಡಾರಿನಲ್ಲಿ ಲೆಫ್ಟ್ ರೈಟ್ ಶುರು.

ಒಂದು ಗುರುವಾರ ಮಧ್ಯಾಹ್ನ ಜದ್ದಿ ಹಳೆಯ ಖಾಕಿ ಕೋಟೊಂದನ್ನು ತಂದರು. "ಒಂದು ಗುಂಡಿ, ಇಸ್ತ್ರಿ. ಖಲಾಸ್" ಎಂದು, ಅಷ್ಟೇ ಸಾಕು ಎಂಬಂತೆ ಕೈಸನ್ನೆ ಮಾಡಿದರು. ಹಳೆಯ ಯುದ್ಧದಲ್ಲಿ ತಮ್ಮ ಪರವಾಗಿ ಹೋರಾಡಿದವರಿಗೆ ಫ್ರಾನ್ಸಿನವರು ಅಂದು ತಮ್ಮ ರಾಯಭಾರ ಕಚೇರಿಯಲ್ಲಿ ಪದಕ ಕೊಡುವವರಿದ್ದರು. ಐದು ಗಂಟೆಗೆ ಕಾರು ಬರುತ್ತಿತ್ತು.

ಅಪ್ಪ ತೋಳನ್ನು ದೀಪಕ್ಕೆ ಹಿಡಿದರು. ಮಣಿಕಟ್ಟಿನ ಮೇಲೆ ಮೂರು ಸಾಲು ಸೂಜಿ ತೂತು. "ಎಂಥ ಮಾರಾಯ್ತಿ ಇದು! ಹೀಗೇ ಕೊಟ್ರೆ ನನ್ನ ಮರ್ಯಾದೆ ಉಂಟಾ?" ಎಂದರು. "ಇಲ್ಲೊಂದುಂಟು ಅಪ್ಪಾ" ಎಂದು ನಾನು ಬೀಗುತ್ತಾ ತೋರಿಸಿದಂತೆಲ್ಲ ಅವರು ಮುಚ್ಚಿದರು. ಎರಡು ಗಂಟೆಯಲ್ಲಿ ತೋಳು ಹೊಚ್ಚ ಹೊಸದಾಯಿತು.

ನಾಲ್ಕಕ್ಕೆ ಜದ್ದಿ ಬಂದು ತೋಳಿನ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಆಡಿಸಿದರು. ತೋಳನ್ನು ತಿರುಗಿಸಿ ಒಳಗೂ ನೋಡಿದರು. ಆಮೇಲೆ ಆ ಪುಟ್ಟ ಅಂಗಡಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾ ಮಾತಾಡತೊಡಗಿದರು. ಶಾಲೆಯಲ್ಲಿ ಅರಬಿ ಕಲಿಯುತ್ತಿದ್ದ ಅಕ್ಕ, ತಡವರಿಸುತ್ತಲೇ ನಮಗೆ ಅರ್ಥ ಹೇಳಿದಳು.

ಜದ್ದಿಯ ಹರೆಯದಲ್ಲಿ ಮೊರಾಕೊ ಫ್ರಾನ್ಸಿನವರ ಕೈಯಲ್ಲಿತ್ತು. ಜದ್ದಿ ಅವರ ಸೈನ್ಯ ಸೇರಿದರು. ಇಟಲಿಯ ಬೆಟ್ಟಗಳಲ್ಲಿ, ವಿಯೆಟ್ನಾಮಿನ ಕೆಸರಿನಲ್ಲಿ ಹೋರಾಡಿ ಕ್ಯಾಪ್ಟನ್ ಆದರು. ತೋಳಿಗೆ ಮೂರು ಚಿನ್ನದ ಪಟ್ಟಿ ಬಂತು. ಕೊನೆಗೆ ಸ್ವಾತಂತ್ರ್ಯ ಕೇಳುತ್ತಿದ್ದ ಸ್ವಂತ ಊರಿನವರ ಮೆರವಣಿಗೆ ತಡೆಯಲು ಫ್ರಾನ್ಸಿನವರು ಜದ್ದಿಯನ್ನೇ ನಿಲ್ಲಿಸಿದರು. ಮೆರವಣಿಗೆಯ ಮುಂದಿನ ಸಾಲಿನಲ್ಲಿ ಜದ್ದಿಯ ತಮ್ಮನಿದ್ದ. ಜದ್ದಿ ಗುಂಡು ಹಾರಿಸಲು ಹೇಳಲಿಲ್ಲ. ಆ ಸಂಜೆಯೇ ಬ್ಲೇಡಿನಿಂದ ಪಟ್ಟಿಗಳನ್ನು ಕಿತ್ತೆಸೆದು ಸೈನ್ಯ ಬಿಟ್ಟರು.

"ಆ ತೂತಲ್ಲಿ ಪಟ್ಟಿ ಹಾಕಿದ್ದೂ ಫ್ರಾನ್ಸಿನವ್ರಿಗೆ ಕಾಣ್ಬೇಕಂತೆ, ತೆಗ್ದದ್ದೂ ಕಾಣ್ಬೇಕಂತೆ. ಅಪ್ಪಾ, ಹಿ ಈಸ್ ಕ್ರೈಯಿಂಗ್" ಎಂದಳು ಅಕ್ಕ.

ಅಪ್ಪನ ಮುಖ ಬಿಳುಚಿತು. ನನಗಂತೂ ನನ್ನ ಕಣ್ಣುಗಳ ಮೇಲೇ ಸಿಟ್ಟು ಬಂತು. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಅಪ್ಪ ತಟ್ಟನೆ ಡ್ರಾಯರ್ ಎಳೆದು, ಹೋಟೆಲ್ ಬಾಗಿಲು ಕಾಯುವವರ ಯೂನಿಫಾರ್ಮಿಗೆ ಹೊಲಿಯುವ ಹಳದಿ ಪಟ್ಟಿ ತೆಗೆದರು. "ತೂತು ಎಲ್ಲೆಲ್ಲಿ ಇತ್ತು, ಬೇಗ ತೋರ್ಸು" ಎಂದರು. ನಾನು ಬೆರಳಿಟ್ಟಲ್ಲಿ ಮತ್ತೆ ತೂತು ಮಾಡುತ್ತಾ ದಪ್ಪ ಸೂಜಿ ಇಳಿಯಿತು. ಮೂರು ಪಟ್ಟಿ ಕೂತವು. ಅಪ್ಪ ಕೋಟಿನ ಜೊತೆ ಒಂದು ಬ್ಲೇಡನ್ನೂ ಜದ್ದಿಯ ಮುಂದಿಟ್ಟರು.

ಜದ್ದಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಬಾಗಿದ ಬೆನ್ನು ನೆಟ್ಟಗಾಯಿತು. ಕೈ ತಾನಾಗಿ ಹಣೆಗೇರಿ ಸೆಲ್ಯೂಟ್ ಹೊಡೆಯಿತು. ಎಷ್ಟು ಚಂದ ಕಂಡರು! ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಪಟ್ಟಿಗಳ ಸಮೇತ ಹಾಗೇ ಹೋಗಿಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು.

ಜದ್ದಿ ಕೋಟು ಬಿಚ್ಚಿ ಸ್ಟೂಲಿನ ಮೇಲೆ ಕೂತರು. ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕತ್ತರಿಸಿದರು. ಹಾರ್ನ್ ಮತ್ತೆ ಮತ್ತೆ ಕೂಗಿದರೂ ತಲೆಯೆತ್ತಲಿಲ್ಲ. ಬರಿದಾದ ತೋಳಿನ ತೂತುಗಳ ಮೇಲೆ ಹೆಬ್ಬೆರಳು ಆಡಿಸಿ, ಅಪ್ಪನ ಭುಜ ತಟ್ಟಿ, "ಯಲ್ಲಾ" ಎಂದು, ಇನ್ನು ಹೋಗೋಣ ಎಂಬಂತೆ ಹೊರಟರು.

ಮಕ್ಕಳೇ, ನಿಮ್ಮ ಅಂಗಿ ತೂತಾದರೆ ಮರುದಿನವೇ ಹೊಸದು ಬಾಗಿಲಿಗೆ ಬರುತ್ತದೆ. ನಿಮ್ಮ ಯುದ್ಧದ ಆಟಗಳಲ್ಲಿ ಸೈನಿಕರಿಗೆ ಎರಡೇ ಬಣ್ಣ, ನಮ್ಮವರು ಮತ್ತು ಅವರು. ಜದ್ದಿ ಯಾವ ಬಣ್ಣ ಎಂದು ಕೇಳಿದರೆ ನನಗೆ ಈಗಲೂ ಉತ್ತರ ಗೊತ್ತಿಲ್ಲ. ನನ್ನ ಗುಂಡಿ ಡಬ್ಬಿಯ ತಳದಲ್ಲಿರುವ ಮೂರು ಹಳದಿ ಪಟ್ಟಿಗಳು ಆ ದಿನದವು. ಅವನ್ನು ಎಸೆಯಬೇಡಿ. ಯಾವುದಕ್ಕೂ ಹೊಲಿಯಲೂ ಬೇಡಿ.